ಎರಡು ಸಾವಿರದ ನೂರ ಹದಿನಾಲ್ಕು ಹೆಜ್ಜೆ

ತೊಕುಜಿಯ ಬೇಟೆ ಗುಡಿಸಲಿನ ನಟ್ಟನಡುವೆ ಒಂದು ಮರದ ಕಂಬವಿದೆ. ಸೂರು ಕುಸಿಯದಿರಲಿ ಅಂತ ನಿಲ್ಲಿಸಿದ್ದು. ಈಗ ಅವನ ಬೇಟೆಗುಂಪಿನ ಐದು ಜನರ ಮಾನ ಮರ್ಯಾದೆಯನ್ನೂ ಅದೇ ಹೊತ್ತು ನಿಂತಿದೆ. ಕಂಬದ ಮೇಲೆ ಐದು ಹೆಸರುಗಳು, ಒಂದೊಂದು ಹೆಸರಿನ ಕೆಳಗೂ ಒಂದಿಷ್ಟು ಅಂಕಿಗಳು. ಗುಂಪಿನಲ್ಲಿ ಯಾರು ರೈಫಲ್ಲಿನಿಂದ ಜಿಂಕೆ ಹೊಡೆದರೂ, ಗುಂಡು ತಾಕಿದ ಜಾಗದಿಂದ ಅದು ಬಿದ್ದ ಜಾಗದವರೆಗೆ ಎಷ್ಟು ಹೆಜ್ಜೆ ಓಡಿತು ಅಂತ ನಡೆದು ಎಣಿಸಬೇಕು, ಗುಡಿಸಲಿಗೆ ಬಂದು ತನ್ನ ಕೈಯಾರೆ ಕೆತ್ತಬೇಕು. ಕೊಂಬು ಎಷ್ಟು ಕವಲು, ಮೈ ಎಷ್ಟು ತೂಕ ಎಂದು ಅಲ್ಲಿ ಕೇಳುವವರಿಲ್ಲ. ಹನ್ನೆರಡು, ಇಪ್ಪತ್ತಾರು, ಒಂಬತ್ತು, ನಲವತ್ತು. ಅಂಕಿ ದೊಡ್ಡದಾದಷ್ಟೂ ಹೊಡೆದವನ ತಲೆ ತಗ್ಗುತ್ತದೆ.

ಚಿಹಾರುವಿನ ಹೆಸರಿನ ಕೆಳಗಿದ್ದದ್ದು ಒಂದೇ ಒಂದು ಅಂಕಿ. ಎರಡು ಸಾವಿರದ ನೂರ ಹದಿನಾಲ್ಕು.

ಕಳೆದ ಜನವರಿಯ ಮಾತು ಅದು. ಈ ದೇಶದಲ್ಲಿ ಹತ್ತು ವರ್ಷ ಚರೆಗುಂಡಿನ ಬಂದೂಕು ಹಿಡಿದು, ಒಂದು ದೂರೂ ಬಾರದಂತೆ ನಡೆದುಕೊಂಡ ಮೇಲೆ ಮಾತ್ರ ರೈಫಲ್ಲಿಗೆ ಅನುಮತಿ. ಚಿಹಾರು ಆ ಹತ್ತು ವರ್ಷವನ್ನು ಬೆರಳು ಮಡಿಸಿ ಮಡಿಸಿ ಕಳೆದಿದ್ದಳು. ಬೇಟೆ ಬಿಟ್ಟ ಮುದುಕನೊಬ್ಬನ ಹಳೆಯ ರೈಫಲ್ ಕೊಂಡು, ಎಣ್ಣೆ ಹಚ್ಚಿ, ಮಗುವಿನ ಹಾಗೆ ಬಟ್ಟೆ ಸುತ್ತಿ ಇಟ್ಟುಕೊಂಡಿದ್ದಳು. ಆ ರೈಫಲ್ಲಿನಿಂದ ಹೊಡೆದ ಮೊದಲ ಜಿಂಕೆ ಬೀಳಲಿಲ್ಲ. ಒಮ್ಮೆ ಮೈ ಕುಗ್ಗಿಸಿ, ಹಿಮದ ಮೇಲೆ ನಾಲ್ಕು ಹನಿ ಕೆಂಪು ಬಿಟ್ಟು, ಕಾಡಿಗೆ ನುಗ್ಗಿಬಿಟ್ಟಿತು. ಕತ್ತಲಾಗುವವರೆಗೂ ಹುಡುಕಿದರು. ಮರುದಿನ ಬೆಳಿಗ್ಗೆ ಕಡಲ ಹದ್ದೊಂದು ಸುತ್ತುವುದನ್ನು ಕಂಡು ಹಳ್ಳದ ದಡಕ್ಕೆ ಹೋದರೆ, ಅಲ್ಲಿತ್ತು. ಅದರಡಿಯ ಹಿಮ ಮೈಬಿಸಿಗೆ ಕರಗಿ ತೊಟ್ಟಿಲ ಹಾಗೆ ತಗ್ಗಾಗಿತ್ತು. ಅಂದರೆ ಅದು ಅಲ್ಲಿ ಎಷ್ಟೋ ಹೊತ್ತು ಜೀವ ಹಿಡಿದುಕೊಂಡು ಮಲಗಿತ್ತು.

ಚಿಹಾರು ಅಲ್ಲಿಂದ ಹಿಂದಕ್ಕೆ, ಗುಂಡು ತಾಕಿದ ಜಾಗದವರೆಗೂ, ಒಂದೊಂದೇ ಹೆಜ್ಜೆ ಎಣಿಸಿಕೊಂಡು ಬಂದಳು. "ಸಾಕು ಬಾರೇ, ಅಂದಾಜು ಹಾಕಿದ್ರಾಯ್ತು" ಅಂತ ಉಳಿದವರು ಅಂದರೂ ಕೇಳಲಿಲ್ಲ. ಅಂಕಿ ಕೆತ್ತಿ ಮುಗಿಸಿ, ಚಾಕು ಮಡಚಿ, ಎಲ್ಲರ ಎದುರಿಗೇ ಹೇಳಿದಳು: "ಇನ್ನೊಂದು ಸಲ ಹೀಗಾದ್ರೆ ರೈಫಲ್ ತಗೊಂಡು ಹೋಗಿ ಪೊಲೀಸ್ ಠಾಣೆ ಮೇಜಿನ ಮೇಲಿಟ್ಟು ಬರ್ತೀನಿ. ಮತ್ತೆ ಮುಟ್ಟಲ್ಲ."

ಯಾರೂ ನಗಲಿಲ್ಲ. ಗುಂಪಿನಲ್ಲಿ ಯಾವುದಕ್ಕೂ ನಗುವ ಒನೊದೆರಾ ಕೂಡ ನಗಲಿಲ್ಲ.

ಚಿಹಾರುವಿನ ಕಸುಬು ಹಸುಗಳ ಗೊರಸು ಕತ್ತರಿಸುವುದು. ಆ ಬಯಲುಸೀಮೆಯ ಹೈನುಮನೆಗಳಿಗೆಲ್ಲ ಅವಳೇ ಬೇಕು. ಆರುನೂರು ಕಿಲೋ ಹಸುವಿನ ಕಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು, ಬಾಗಿದ ಚೂರಿಯಿಂದ ಎಳೆ ಎಳೆಯಾಗಿ ಸವರುತ್ತಾ, ಒಂದು ಗೊರಸು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಎತ್ತರವಿದ್ದರೂ ಬರಿಗಣ್ಣಲ್ಲೇ ಹಿಡಿಯುತ್ತಾಳೆ. ಒನೊದೆರಾನ ಕೊಟ್ಟಿಗೆಯಲ್ಲೇ ಎಂಬತ್ತು ಹಸುಗಳಿವೆ. ಹಾಗಾಗಿ ಅವನ ಬಾಯಲ್ಲಿ ಅವಳು ಗೊರಸಕ್ಕ.

ತಪ್ಪು ತನ್ನ ಕೈಯದೇ ಅಂದುಕೊಂಡಳು ಚಿಹಾರು. ಬೇಸಿಗೆ ಪೂರ್ತಿ, ಬಿಡುವು ಸಿಕ್ಕಾಗೆಲ್ಲ ಗುರಿ ಮೈದಾನಕ್ಕೆ ಓಡಿದಳು. ನೂರು ಮೀಟರ್ ಆಚೆಯ ಕಾಗದದಲ್ಲಿ ತೂತುಗಳು ಒಂದರ ಪಕ್ಕ ಒಂದು, ಮುಷ್ಟಿಯಷ್ಟು ಜಾಗದೊಳಗೆ ಕೂತವು. ಕೈ ನಡುಗುತ್ತಿರಲಿಲ್ಲ, ಉಸಿರು ಹಿಡಿತದಲ್ಲಿತ್ತು.

"ಕೈ ಸರಿ ಇದೆ. ಹಾಗಿದ್ರೆ ಜಿಂಕೆದೇ ತಪ್ಪು, ಠಾಣೆಗೆ ಅದನ್ನೇ ಕರ್ಕೊಂಡು ಹೋಗು" ಅಂದ ಒನೊದೆರಾ.

ಡಿಸೆಂಬರ್ ಮೊದಲ ಭಾನುವಾರ ಇಬ್ಬರೂ ಮತ್ತೆ ಮೈದಾನಕ್ಕೆ ಹೋದರು. ಸೊನ್ನೆಗಿಂತ ಹದಿನಾಲ್ಕು ಡಿಗ್ರಿ ಕೆಳಗಿನ ಚಳಿ, ಮೂಗಿನೊಳಗಿನ ಕೂದಲೂ ಗರಗರ ಅನ್ನುತ್ತಿತ್ತು. ಅಂಥ ದಿನ ಯಾರೂ ಕಾಗದಕ್ಕೆ ಹೊಡೆಯಲು ಹೋಗುವುದಿಲ್ಲ. ಸೆಪ್ಟೆಂಬರಿನ ಬಿಸಿಲಲ್ಲಿ ರೈಫಲ್ಲಿನ ಮೇಲಿನ ದುರ್ಬೀನು ಸರಿಮಾಡಿಕೊಂಡು, ಅದನ್ನೇ ನಂಬಿಕೊಂಡು ಚಳಿಗಾಲವೆಲ್ಲ ಬೇಟೆಯಾಡುವುದು ರೂಢಿ. ಚಿಹಾರುಗೆ ಮಾತ್ರ ಮನಸ್ಸು ಕೇಳಿರಲಿಲ್ಲ. ಐದು ಗುಂಡು ಹೊಡೆದು, ನಡೆದು ಹೋಗಿ ಕಾಗದ ನೋಡಿದಳು. ಬಗ್ಗಿ ನೋಡಿದಳು. ಕೈಗವಸು ತೆಗೆದು ಬೆರಳ ತುದಿಯಿಂದ ಸವರಿದಳು.

"ಒನೊದೆರಾ ಅಣ್ಣ, ಇಲ್ಲಿ ಬನ್ನಿ. ಈ ತೂತು ದುಂಡಗಿದೆಯಾ?"

"ತೂತು ತೂತಿನ ಹಾಗಿದೆ."

"ದುಂಡಗಿದೆಯಾ ಅಂತ ಕೇಳ್ದೆ."

ಅವನು ಕನ್ನಡಕ ಮೇಲೇರಿಸಿ ನೋಡಿದ. "ಚಳಿಗೆ ಕಾಗದ ಸೆಟೆದು ಹರಿದಿರ್ಬೇಕು ಮಾರಾಯ್ತಿ. ನಡಿ, ಬಿಸಿ ಓಡೆನ್ ತಿನ್ನೋಣ, ನನ್ನ ಕಿವಿ ಉದುರಿ ಬೀಳುತ್ತೆ."

"ಹರಿದದ್ದಲ್ಲ. ಐದೂ ಒಂದೇ ಥರ ಉದ್ದಕ್ಕಿವೆ. ಅಕ್ಕಿ ಕಾಳಿನ ಹಾಗೆ."

"ಹಸು ಕಾಲು ನೋಡಿ ನೋಡಿ ನಿಂಗೆ ಲೋಕವೆಲ್ಲ ಓರೆಯಾಗಿ ಕಾಣುತ್ತೆ."

ಹಳ್ಳದ ದಡದಲ್ಲಿ ಸತ್ತು ಬಿದ್ದಿದ್ದ ಜಿಂಕೆಯ ಚರ್ಮ ಅವಳ ಕಣ್ಣ ಮುಂದೆ ಬಂದಿತ್ತು. ಪಕ್ಕೆಯ ಮೇಲಿನ ಆ ತೂತೂ ಹೀಗೇ ಇತ್ತು, ಉದ್ದಕ್ಕೆ. ಕಾಗೆ ಕೊಕ್ಕು ಹಾಕಿ ಎಳೆದದ್ದು ಅಂತ ಆಗ ಅಂದುಕೊಂಡಿದ್ದಳು. ಕಾಗದವನ್ನು ಮಡಚಿ ಎದೆಯ ಜೇಬಿಗೆ ಹಾಕಿಕೊಂಡಳು. ಓಡೆನ್ ತಿನ್ನಲಿಲ್ಲ. ಒನೊದೆರಾ ಸಾರಿನಲ್ಲಿ ಬೆಂದ ಅವಳ ಪಾಲಿನ ಮೂಲಂಗಿಯನ್ನೂ ತಾನೇ ತಿಂದು ತೇಗಿದ.

ಕುಶಿರೋ ಪಟ್ಟಣದಲ್ಲಿ ಫುಸಾ ಅಮ್ಮನ ಬಂದೂಕಿನ ಅಂಗಡಿ ಇದೆ. ಗಂಡ ತೀರಿಕೊಂಡ ಮೇಲೆ ಮುದುಕಿ ಅಂಗಡಿ ಮುಚ್ಚುತ್ತಾಳೆ ಅಂದುಕೊಂಡವರೇ ಎಲ್ಲ. ಅವಳು ಮುಚ್ಚಲಿಲ್ಲ, ಗಂಡನ ಕಾಲದಲ್ಲೂ ನಳಿಗೆ ನೋಡುತ್ತಿದ್ದದ್ದು ತಾನೇ, ಅವರು ಬರೀ ಟೀ ಕುಡೀತಾ ಕೂತಿರುತ್ತಿದ್ದರು ಅನ್ನುತ್ತಾಳೆ.

ಚಿಹಾರು ಗಾಜಿನ ಮೇಜಿನ ಮೇಲೆ ಕಾಗದ ಬಿಡಿಸಿದಳು. ಫುಸಾ ಅಮ್ಮ ಅದನ್ನು ದೀಪಕ್ಕೆ ಹಿಡಿದು ನೋಡಿದಳು.

"ಯಾವ ತೋಟಾ?"

"ಗುಂಪಿನದೇ. ತಾಮ್ರದ್ದು, ನೂರ ಎಂಬತ್ತು ಗ್ರೇನ್ ತೂಕದ್ದು. ತೊಕುಜಿ ಯಜಮಾನ್ರು ವರ್ಷಕ್ಕೊಮ್ಮೆ ನಿಮ್ಮ ಹತ್ರಾನೇ ಎಲ್ಲರ ಪರವಾಗಿ ಹೇಳಿ ತರಿಸ್ತಾರಲ್ಲ."

"ಹೌದು, ತರಿಸ್ತಾರೆ. 'ನೂರ ಎಂಬತ್ತು, ಐದು ಜನಕ್ಕೆ' ಅಂತಾರೆ, ಫೋನ್ ಇಡ್ತಾರೆ. ಯಾರ ರೈಫಲ್ ಹೇಗಿದೆ ಅಂತ ನಾನು ಕೇಳೋಕೆ ಬಾಯಿ ತೆಗೆಯೋದ್ರೊಳಗೆ ಫೋನ್ ಕಟ್ ಆಗಿರುತ್ತೆ." ಮುದುಕಿ ಕಪಾಟಿನಿಂದ ಎರಡು ಗುಂಡು ತೆಗೆದು ಮೇಜಿನ ಮೇಲೆ ಪಕ್ಕಪಕ್ಕ ನಿಲ್ಲಿಸಿದಳು. ತೋಟಾಕ್ಕೆ ಸೇರಿಸದ ಬರೀ ಗುಂಡುಗಳು. ಒಂದು ಬೂದು ಬಣ್ಣದ್ದು, ಗಿಡ್ಡ. ಇನ್ನೊಂದು ಕೆಂಪಗೆ ಹೊಳೆಯುವಂಥದ್ದು, ಉದ್ದ. "ಎರಡರ ತೂಕಾನೂ ಒಂದೇ. ಇದು ಹಳೇ ಕಾಲದ ಸೀಸದ್ದು, ಗಾಜಿನ ಪೆಟ್ಟಿಗೇಲಿ ನೋಡೋಕೆ ಇಟ್ಟಿದೀನಿ. ಸತ್ತ ಜಿಂಕೆ ತಿಂದ ಹದ್ದುಗಳು ಹೊಟ್ಟೆಗೆ ಸೀಸ ಹೋಗಿ ಸಾಯ್ತಿದ್ವು ಅಂತ ಸರ್ಕಾರದವ್ರು ನಿಲ್ಲಿಸಿದ್ರಲ್ಲ, ಒಳ್ಳೇದೇ ಮಾಡಿದ್ರು. ಇದು ತಾಮ್ರ. ಈಗ ಹೇಳು, ಏನು ಕಾಣುತ್ತೆ?"

"ತಾಮ್ರದ್ದು ಉದ್ದ ಇದೆ."

"ಯಾಕೆ?"

"ತಾಮ್ರ ಸೀಸದಷ್ಟು ಭಾರ ಇಲ್ಲ. ಅದೇ ತೂಕ ಬರಬೇಕಂದ್ರೆ ಉದ್ದ ಆಗ್ಲೇಬೇಕು."

"ನೋಡು, ಹಸು ಕಾಲು ಹಿಡಿಯೋಳಿಗೆ ಅರ್ಥ ಆಯ್ತು. ನಿಮ್ಮ ಗಂಡಸ್ರಿಗೆ ಇಷ್ಟು ವರ್ಷ ಆಗಿಲ್ಲ. ಸೀಸ ಬಿಟ್ರು, ತಾಮ್ರ ಹಿಡಿದ್ರು, ಆದ್ರೆ ಆ ಹಳೇ ತೂಕಾನ ಮಾತ್ರ ದೇವರ ಹಾಗೆ ಬಿಡದೆ ಹಿಡ್ಕೊಂಡ್ರು. ರೈಫಲ್ ತಂದಿದೀಯಾ?"

ತಂದಿದ್ದಳು. ಫುಸಾ ಅಮ್ಮ ಉದ್ದನೆಯ ಕಡ್ಡಿಯ ತುದಿಗೆ ಬಿಗಿಯಾಗಿ ಬಟ್ಟೆ ಸುತ್ತಿ, ಕಡ್ಡಿಯ ಮೇಲೊಂದು ಗುರುತು ಹಾಕಿ, ನಳಿಗೆಯೊಳಗೆ ಮೆಲ್ಲಗೆ ತಳ್ಳಿದಳು. ನಳಿಗೆಯ ಒಳಗಿನ ತಿರುಚು ಗೆರೆಗಳನ್ನು ಹಿಡಿದುಕೊಂಡು ಕಡ್ಡಿ ತಾನಾಗಿ ತಿರುಗುತ್ತಾ ಒಳಗೆ ಹೋಯಿತು. ಗುರುತು ಒಂದು ಪೂರ್ತಿ ಸುತ್ತು ಹಾಕಿ ಮತ್ತೆ ಮೇಲೆ ಬಂದಾಗ ನಿಲ್ಲಿಸಿ, ಅಳತೆ ಪಟ್ಟಿ ಇಟ್ಟಳು.

"ಮೂವತ್ತು ಸೆಂಟಿಮೀಟರಿಗೆ ಒಂದು ಸುತ್ತು. ಸೋಮಾರಿ ನಳಿಗೆ ಇದು. ತೊಕುಜಿದು ಇಪ್ಪತ್ತೈದಕ್ಕೇ ಒಂದು ಸುತ್ತು ಹಾಕಿಸುತ್ತೆ, ನಾನೇ ಮಾರಿದ್ದು. ಬುಗುರಿ ಆಡಿದೀಯಲ್ಲ? ಉದ್ದ ಬುಗುರಿ ನೆಟ್ಟಗೆ ನಿಲ್ಲಬೇಕಂದ್ರೆ ಜೋರಾಗಿ ತಿರುಗಬೇಕು. ನಿನ್ನ ನಳಿಗೆ ಅಷ್ಟು ಜೋರಾಗಿ ತಿರುಗ್ಸಲ್ಲ. ಬೇಸಿಗೇಲಿ ಹೇಗೋ ನಡೆದುಹೋಯ್ತು. ಚಳೀಲಿ ಗಾಳಿ ದಪ್ಪ ಆಗುತ್ತೆ. ಗುಂಡು ತೂರಾಡಿಕೊಂಡು ಓರೆಯಾಗಿ ಹೋಗಿ ತಾಗುತ್ತೆ. ಈ ಗುಂಡಿನ ಮೂಗಿನ ತುದೀಲಿ ಕುಳಿ ಇದೆ ನೋಡು. ಮೂಗು ಮೊದಲು ಬಡಿದ್ರೆ ತಾನೆ ಅದು ಬಾಯಿ ಬಿಟ್ಟು ಅರಳೋದು? ಓರೆ ಹೋದ್ರೆ ಮೊಳೆ ಹೊಡೆದ ಹಾಗೆ, ಒಳಗೆ ಹೋಯ್ತು, ಆಚೆ ಬಂತು. ಪಾಪದ ಪ್ರಾಣಿ ಸಾಯೋಕೂ ಆಗದೆ, ಬದುಕೋಕೂ ಆಗದೆ ಓಡುತ್ತೆ."

ಚಿಹಾರು ಕುರ್ಚಿ ಎಳೆದುಕೊಂಡು ಕೂತಳು. ಹನ್ನೊಂದು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಸ್ವಲ್ಪ ಜರುಗಿತು. ಪೂರ್ತಿ ಇಳಿಯಲಿಲ್ಲ; ಯಾರೋ ಹೇಳಿದ ತೋಟಾವನ್ನು ತನ್ನ ನಳಿಗೆಗೆ ಹೊಂದುತ್ತದೆಯೋ ಇಲ್ಲವೋ ನೋಡದೆ ತುಂಬಿಕೊಂಡವಳು ತಾನೇ ಅಲ್ಲವೇ. ಒಂದು ಹಸುವಿನ ಗೊರಸಿನ ಅಳತೆಯಲ್ಲಿ ಇನ್ನೊಂದು ಹಸುವಿನ ಗೊರಸು ಕತ್ತರಿಸುವುದನ್ನು ಅವಳು ಕನಸಲ್ಲೂ ಮಾಡುವವಳಲ್ಲ.

"ಹಾಗಾದ್ರೆ ಯಾವುದು ಹಾಕ್ಲಿ, ಫುಸಾ ಅಮ್ಮಾ?"

"ಮೊದಲು ಪೊಲೀಸರ ಪರವಾನಗಿ ಕಾಗದ ತೆಗಿ. ಆಮೇಲೆ ಮಾತು." ಕಾಗದ ನೋಡಿ, ಕನ್ನಡಕ ಒರೆಸಿ, ಎರಡು ಪೊಟ್ಟಣ ಮುಂದಿಟ್ಟಳು. "ಇದು ನೂರ ಐವತ್ತು, ಇದು ನೂರ ಮೂವತ್ತು. ಎರಡೂ ತಾಮ್ರವೇ, ಎರಡೂ ಗಿಡ್ಡ. ಯಾವುದು ಒಳ್ಳೇದು ಅಂತ ನನ್ನ ಕೇಳ್ಬೇಡ, ನಿನ್ನ ನಳಿಗೇನ ಕೇಳು. ಚಳೀಲೇ ಹೋಗಿ ಕೇಳು, ಬಿಸಿಲಲ್ಲಲ್ಲ."

ಮುಂದಿನ ಭಾನುವಾರ ಹದಿನಾರು ಡಿಗ್ರಿ ಕೆಳಗೆ. ಈ ಸಲ ಒಬ್ಬಳೇ ಹೋದಳು. ನೂರ ಐವತ್ತರ ತೂತುಗಳು ದುಂಡಗೇ ಬಿದ್ದವು, ಆದರೆ ಊಟದ ತಟ್ಟೆಯಷ್ಟು ಅಗಲಕ್ಕೆ ಚೆದುರಿದವು. ನೂರ ಮೂವತ್ತರ ತೂತುಗಳು ನಾಣ್ಯದ ಅಂಚಿನಷ್ಟು ಚೊಕ್ಕ, ಐದಕ್ಕೆ ಐದೂ ಒಂದು ಟೀ ಬಟ್ಟಲಿನ ಬಾಯೊಳಗೆ ಹಿಡಿಸುವಷ್ಟು ಹತ್ತಿರ. ಚಿಹಾರು ಆ ಖಾಲಿ ಮೈದಾನದಲ್ಲಿ, ಮೊಣಕಾಲುದ್ದ ಹಿಮದಲ್ಲಿ, ಕಾಗದ ಹಿಡಿದುಕೊಂಡು ಒಬ್ಬಳೇ ಜೋರಾಗಿ ನಕ್ಕಳು. ಉಸಿರು ಹೊಗೆಯಾಗಿ ಅವಳ ಮುಖಕ್ಕೇ ಬಂದು ಮುತ್ತಿತು.

ಫೋನಿನಲ್ಲಿ ಫುಸಾ ಅಮ್ಮ ಇನ್ನೊಂದು ಮಾತು ಹೇಳಿದಳು. "ಹಗುರದ ಗುಂಡು ಶುರುವಲ್ಲಿ ಬಲು ಜೋರು, ದೂರ ಹೋದಷ್ಟೂ ವೇಗ ಕಳ್ಕೊಳ್ಳುತ್ತೆ. ತಾಮ್ರ ಗಟ್ಟಿ ಸ್ವಭಾವದ್ದು, ವೇಗ ಇಲ್ಲದಿದ್ರೆ ಅರಳಲ್ಲ. ಇನ್ನೂರು ಮೀಟರ್ ಆಚೆ ಹೊಡೆದು ನನ್ನ ಹತ್ರ ಅಳ್ತಾ ಬಂದ್ರೆ ಟೀ ಕೂಡ ಕೊಡಲ್ಲ."

"ನೂರ ಐವತ್ತು ಮೀಟರ್ ಆಚೆ ನಾನು ಹೊಡೆಯೋದೇ ಇಲ್ಲ ಅಮ್ಮಾ."

"ಆಗ ಬಾ, ಟೀ ಜೊತೆ ತಿನ್ನೋಕೆ ಅಕ್ಕಿ ಮೋಚಿನೂ ಕೊಡ್ತೀನಿ."

ಇನ್ನು ಉಳಿದದ್ದು ತೊಕುಜಿಗೆ ಹೇಳುವ ಕೆಲಸ. ಅದು ಚಳಿಯಲ್ಲಿ ಗುರಿ ಹಿಡಿದದ್ದಕ್ಕಿಂತ ಕಷ್ಟದ್ದು. ತೊಕುಜಿಗೆ ಎಪ್ಪತ್ತೆಂಟು. ಗುಂಪು ಕಟ್ಟಿದವನು, ಚಿಹಾರುಗೆ ಹಿಮದಲ್ಲಿ ಹೆಜ್ಜೆ ಓದಲು ಕಲಿಸಿದವನು. 'ಒಂದು ಗುಂಪು, ಒಂದು ತೋಟಾ' ಎನ್ನುವುದು ಅವನ ನಿಯಮ. ಹೊಸ ವರ್ಷ ಕಳೆದು ಎಲ್ಲರೂ ಗುಡಿಸಲಲ್ಲಿ ಸೇರಿದ್ದಾಗ ಚಿಹಾರು ಮೂರೂ ಕಾಗದಗಳನ್ನು ಒಲೆಯ ಪಕ್ಕ ಹರಡಿ, ಮೊಣಕಾಲೂರಿ ಕೂತು, ಎಲ್ಲವನ್ನೂ ಹೇಳಿದಳು.

ತೊಕುಜಿ ಒಲೆಗೊಂದು ಕೊರಡು ತಳ್ಳಿದ.

"ನೂರ ಮೂವತ್ತು. ಅದು ನರಿ ಹೊಡೆಯೋ ಗುಂಡು."

"ಯಜಮಾನ್ರೇ, ನಿಮ್ಮ ನಳಿಗೇಲಿ ನೂರ ಎಂಬತ್ತು ನೆಟ್ಟಗೆ ಹೋಗುತ್ತೆ. ನಿಮ್ಮದು ತಪ್ಪು ಅಂತ ನಾನು ಹೇಳ್ತಿಲ್ಲ. ನನ್ನ ನಳಿಗೇಲಿ ಹೋಗಲ್ಲ, ಅಷ್ಟೇ."

"ನಲವತ್ತು ವರ್ಷ ಈ ತೂಕಾನೇ ಹೊಡೆದಿದೀವಿ."

"ನಲವತ್ತು ವರ್ಷದಲ್ಲಿ ಹೆಚ್ಚು ಸೀಸದ್ದು."

ಒನೊದೆರಾ ಕೆಮ್ಮಿದ. ನಗು ನುಂಗಿದ ಕೆಮ್ಮು ಅದು. ತೊಕುಜಿ ಅವನತ್ತ ಕಣ್ಣು ಬಿಟ್ಟ.

"ನೀನೇನು ಕೆಮ್ತೀಯಾ? ಕಂಬದ ಮೇಲೆ ನಿನ್ನ ಕೊನೇ ಅಂಕಿ ಎಷ್ಟು?"

"ನೂರ ಅರವತ್ತು" ಅಂದ ಒನೊದೆರಾ, ತನ್ನ ಕಾಲ ಬೆರಳು ನೋಡಿಕೊಳ್ಳುತ್ತಾ.

ತೊಕುಜಿ ಕಾಗದಗಳನ್ನು ಒಂದೊಂದಾಗಿ ಎತ್ತಿ ಒಲೆಯ ಬೆಳಕಿಗೆ ಹಿಡಿದ. ಉದ್ದನೆಯ ತೂತುಗಳ ಕಾಗದವನ್ನು ಎರಡು ಸಲ ನೋಡಿದ. ಕೊನೆಗೆ ಅಂದ: "ಚಿಹಾರು, ಮೂರನೇ ಭಾನುವಾರ ನಿನ್ನ ಪಕ್ಕದಲ್ಲಿ ನಾನು ಕೂರ್ತೀನಿ. ಮೊದಲ ಗುಂಡು ನಿಂದು. ಜಿಂಕೆ ಕಾಡು ಸೇರಿದ್ರೆ, ಠಾಣೆಗೆ ನಿನ್ನ ಜೊತೆ ನಾನೂ ಬರ್ತೀನಿ, ಬಾಗಿಲ ತನಕ. ಆಗ ನಿನ್ನ ತಡೆಯೋನು ನಾನಲ್ಲ."

"ಆಗ್ಲಿ ಯಜಮಾನ್ರೇ."

ಮೂರನೇ ಭಾನುವಾರ ಸೂರ್ಯ ಹುಟ್ಟಿದಾಗ ಹತ್ತೊಂಬತ್ತು ಡಿಗ್ರಿ ಕೆಳಗೆ. ಗಾಳಿ ಇರಲಿಲ್ಲ. ಹೆಪ್ಪುಗಟ್ಟಿದ ಜೌಗು ಬಯಲಿನ ಅಂಚಿನ ದಿಬ್ಬದ ಮೇಲೆ, ಫರ್ ಮರದಡಿ, ಚಿಹಾರು ಚಾಪೆ ಹಾಸಿಕೊಂಡು ಮಲಗಿದ್ದಳು. ಎಡಕ್ಕೆ ತೊಕುಜಿ, ದುರ್ಬೀನು ಹಿಡಿದು. ಒನೊದೆರಾ ಮತ್ತು ಇನ್ನಿಬ್ಬರು ಬಯಲಿನ ಆಚೆಯ ಕಾಡಿನಲ್ಲಿ ಬಂದೂಕು ಇಳಿಸಿಟ್ಟು, ಮೆಲ್ಲಗೆ ನಡೆಯುತ್ತಾ ಜಿಂಕೆಗಳನ್ನು ಈ ಕಡೆ ಎಬ್ಬಿಸಿ ಕಳಿಸಬೇಕು.

ಮೊದಲು ಬಂದದ್ದು ಕೊಂಬಿನ ಗಂಡು. ಬಂದದ್ದು ಏನು, ಮೆರವಣಿಗೆ. ನಾಲ್ಕು ನಾಲ್ಕು ಕವಲಿನ ಕೊಂಬು, ಕತ್ತಿನ ಸುತ್ತ ಕರಿ ಕೂದಲು, ಮೂಗಿನಿಂದ ಹೊಗೆ. ಆಚೆಯ ಅಂಚಿನಲ್ಲಿ ಪಕ್ಕೆ ಕೊಟ್ಟು ನಿಂತುಬಿಟ್ಟಿತು.

"ಎಂಥಾ ಗಂಡು" ಅಂತ ತೊಕುಜಿ ಉಸಿರಲ್ಲೇ ಅಂದ. "ಹೊಡಿ."

"ದೂರ."

"ಇನ್ನೂರ ಅರವತ್ತು ಇರಬಹುದು. ನಿಂತಿದೆಯಲ್ಲ."

"ನೂರ ಐವತ್ತರ ಆಚೆ ಹೊಡೆಯಲ್ಲ ಯಜಮಾನ್ರೇ."

ರೇಡಿಯೋ ಗರಗರ ಅಂದಿತು. ಒನೊದೆರಾನ ಪಿಸುದನಿ: "ಗೊರಸಕ್ಕ, ರಾಜನ ಥರದ್ದು ಕಳಿಸಿದೀನಿ, ನಿದ್ದೆ ಮಾಡ್ತಿದೀಯಾ?"

ಚಿಹಾರು ಕೈ ಚಾಚಿ ರೇಡಿಯೋದ ದನಿ ಇಳಿಸಿದಳು. ಗಂಡು ಜಿಂಕೆ ತಲೆ ಎತ್ತಿ, ಒಂದು ಸಲ ಇವರಿದ್ದ ಕಡೆಗೇ ನೋಡಿ, ಆರಾಮಾಗಿ ಹಿಂದಕ್ಕೆ ತಿರುಗಿ ಕಾಡು ಸೇರಿತು. ತೊಕುಜಿಯ ಮೂಗಿನ ತುದಿಯಲ್ಲಿ ಒಂದು ಹನಿ ಹೆಪ್ಪುಗಟ್ಟಿತ್ತು.

ಕಾಲು ಗಂಟೆಯ ಮೇಲೆ ಮೂರು ಹೆಣ್ಣು ಜಿಂಕೆಗಳು ಆಲ್ಡರ್ ಪೊದೆಗಳ ನಡುವಿನಿಂದ ಹೊರಬಂದವು. ಒಂದರ ಹಿಂದೆ ಒಂದು, ಹಿಮವನ್ನು ಎದೆಯಿಂದ ಸೀಳಿಕೊಂಡು, ದಿಬ್ಬದ ಕೆಳಗಿನ ಹಳ್ಳದ ಕಡೆಗೆ. ಚಿಹಾರು ಮೊದಲೇ ಅಳೆದಿಟ್ಟುಕೊಂಡಿದ್ದ ಮುರಿದ ಬರ್ಚ್ ಮರದ ಹತ್ತಿರ ಬಂದು ನಿಂತವು. ನೂರ ಇಪ್ಪತ್ತು ಮೀಟರ್.

ಕೊನೆಯದನ್ನು ಆರಿಸಿಕೊಂಡಳು. ಅದು ಮುಖ ಈ ಕಡೆ ಮಾಡಿ ಓರೆಯಾಗಿ ನಿಂತಿತ್ತು. ಕಾದಳು. ಪಕ್ಕಕ್ಕೆ ತಿರುಗಿತು, ಆದರೆ ಅದರ ಆಚೆಗೇ ಇನ್ನೊಂದರ ಮೈ ಕಾಣುತ್ತಿತ್ತು. ಗುಂಡು ಆಚೆ ಹಾದು ಅದಕ್ಕೂ ತಾಗಿದರೆ? ಮತ್ತೆ ಕಾದಳು. ಬೆರಳು ಬಂದೂಕಿನ ಕುದುರೆಯ ಹೊರಗೇ ಇತ್ತು. ತಲೆಯಲ್ಲಿ ಆ ಅಂಕಿ, ಎರಡು ಸಾವಿರದ ನೂರ ಹದಿನಾಲ್ಕು, ಒಂದೊಂದು ಹೆಜ್ಜೆಯೂ ಮತ್ತೆ ಕಾಲಿಗೆ ಬಂದ ಹಾಗೆ.

ಆಚೆಗಿದ್ದ ಜಿಂಕೆ ಎರಡು ಹೆಜ್ಜೆ ಮುಂದೆ ಹೋಯಿತು. ಕೊನೆಯದು ಒಂದೇ ನಿಂತಿತು, ಪಕ್ಕೆ ಪೂರ್ತಿ ಕೊಟ್ಟು, ಹಿಂದೆ ಬರೀ ಬಿಳಿ ದಿಬ್ಬ. ಭುಜದ ಮೇಲಂಚಿಗೆ ಗುರಿ ಕೂತಿತು. ಅರ್ಧ ಉಸಿರು ಬಿಟ್ಟಳು. ಕುದುರೆ ಎಳೆದಳು.

ಸದ್ದು ಬಯಲನ್ನೆಲ್ಲ ಸುತ್ತಿ ಬಂದು ಕರಗಿತು. ಮರದ ಮೇಲಿನ ಹಿಮ ಇಬ್ಬರ ಬೆನ್ನ ಮೇಲೂ ಸುರಿಯಿತು. ಎರಡು ಜಿಂಕೆಗಳು ಹಾರುತ್ತಾ ಓಡಿದವು. ಎರಡೇ.

"ಎಲ್ಲಿ ಹೋಯ್ತು?" ಅಂದಳು ಚಿಹಾರು. ಮತ್ತೊಂದು ತೋಟಾ ಏರಿಸಿ ರೈಫಲ್ಲಿನ ದುರ್ಬೀನಿಗೆ ಕಣ್ಣು ಒತ್ತಿ ಹುಡುಕಿದಳು. "ಯಜಮಾನ್ರೇ, ಮೂರನೇದು ಎಲ್ಲಿ ಹೋಯ್ತು? ಓಡ್ತಾ?"

ತೊಕುಜಿ ದುರ್ಬೀನು ಇಳಿಸಿರಲಿಲ್ಲ. "ಬರ್ಚ್ ಮರದ ಬುಡದಲ್ಲಿದೆ" ಅಂದ. "ನಿಂತಲ್ಲೇ ಕೂತುಬಿಡ್ತು. ಕಿವಿ ಕೂಡ ಅಲ್ಲಾಡ್ಲಿಲ್ಲ."

ಹತ್ತು ನಿಮಿಷ ಕಾದು, ತೋಟಾ ಹೊರಗೆ ತೆಗೆದು, ಇಬ್ಬರೂ ಇಳಿದು ಹೋದರು. ಜಿಂಕೆ ತನ್ನ ನಾಲ್ಕು ಗೊರಸಿನ ಗುರುತುಗಳ ಮೇಲೆಯೇ ಒರಗಿತ್ತು. ಚಿಹಾರು ಪಕ್ಕದಲ್ಲಿ ಮಂಡಿಯೂರಿ, ಕೈಗವಸು ತೆಗೆದು ಕೈ ಜೋಡಿಸಿದಳು. ತೊಕುಜಿಯೂ ಟೋಪಿ ತೆಗೆದ. ಆಮೇಲೆ ಮುದುಕ ನೆಟ್ಟಗಾಗಿ, ಜಿಂಕೆಯ ಸುತ್ತ ಒಂದು ಸುತ್ತು ಬಂದ. ಇನ್ನೊಂದು ಸುತ್ತು ಬಂದ. ಬಗ್ಗಿ ಹಿಮ ನೋಡಿದ, ಪೊದೆಯ ಹಿಂದೆ ಹೋಗಿ ನೋಡಿದ.

"ಏನು ಹುಡುಕ್ತಿದೀರಿ?"

"ಹೆಜ್ಜೆ. ಎಣಿಸಬೇಕಲ್ಲ."

"ಇಲ್ವಲ್ಲ ಯಜಮಾನ್ರೇ."

"ಇಲ್ಲ ಅಂತ ಗೊತ್ತಾಯ್ತು. ಆದ್ರೂ ಹುಡುಕ್ತಿದೀನಿ." ಅವನ ಮುಖದ ಸುಕ್ಕುಗಳೆಲ್ಲ ಒಂದೊಂದಾಗಿ ಸಡಿಲವಾಗುತ್ತಿದ್ದವು. ಚರ್ಮದ ಮೇಲಿನ ತೂತನ್ನು ಹೆಬ್ಬೆರಳಿನಿಂದ ಒರೆಸಿ ನೋಡಿದ. ಪುಟ್ಟದು, ದುಂಡಗೆ. ಜಿಂಕೆಯನ್ನು ಮಗುಚಿದರೆ ಆಚೆ ಪಕ್ಕದಲ್ಲಿ ಗುಂಡು ಅರಳಿ ಹೊರಬಂದ ಗಾಯ, ನೆಲ್ಲಿಕಾಯಿ ಗಾತ್ರದ ಉಮೆ ಹಣ್ಣಿನಷ್ಟು. ಭುಜ ದಾಟಿ, ಬೆನ್ನುಮೂಳೆಯ ಕೆಳಗಂಚನ್ನೂ ಶ್ವಾಸಕೋಶವನ್ನೂ ಒಟ್ಟಿಗೇ ಹಿಡಿದಿತ್ತು. "ಗುಂಡಿನ ಸದ್ದು ಇದರ ಕಿವಿಗೆ ಬಿದ್ದಿರಲ್ಲ" ಅಂದ. ಟೋಪಿ ಮತ್ತೆ ಹಾಕಿಕೊಂಡು ಸೇರಿಸಿದ: "ನರಿ ಗುಂಡು ಅಂದಿದ್ದೆ. ಹಿಂದಕ್ಕೆ ತಗೊಂಡೆ."

ಕಾಡಿನಿಂದ ಒನೊದೆರಾ ಏದುಸಿರು ಬಿಡುತ್ತಾ, ಹಿಮದಲ್ಲಿ ಹೂತು ಹೂತು ಏಳುತ್ತಾ ಬಂದ. "ಎಷ್ಟು? ಎಷ್ಟು ಹೆಜ್ಜೆ?"

"ಸೊನ್ನೆ" ಅಂದ ತೊಕುಜಿ, ತಾನೇ ಹೊಡೆದವನ ಹಾಗೆ ಎದೆ ಉಬ್ಬಿಸಿ.

"ಸೊನ್ನೆಯಾ? ಸೊನ್ನೆಯೇ!" ಒನೊದೆರಾ ಎರಡೂ ಕೈ ಎತ್ತಿ ಕುಣಿಯಲು ಹೋಗಿ, ಸೊಂಟದವರೆಗೆ ಹಿಮದಲ್ಲಿ ಇಳಿದುಹೋದ. ಅಲ್ಲಿಂದಲೇ ಕೂಗಿದ: "ಬಾನ್ಜಾಯ್ ಗೊರಸಕ್ಕ! ಯಾರಾದ್ರೂ ನನ್ನ ಎತ್ರೋ!"

ಚಿಹಾರುಗೆ ನಗುವೂ ಬಂತು, ಕಣ್ಣೂ ತುಂಬಿತು. ಚಳಿಗೆ ರೆಪ್ಪೆಗಳು ಒಂದಕ್ಕೊಂದು ಅಂಟಿಕೊಂಡವು. ಒನೊದೆರಾನ ಕೈ ಹಿಡಿದು ಎಳೆಯುವಾಗ ತಾನೂ ಬಿದ್ದಳು. ಬಿದ್ದಲ್ಲೇ ಬೆನ್ನ ಮೇಲೆ ಮಲಗಿ ಆಕಾಶ ನೋಡಿದಳು. ತಿಳಿನೀಲಿ, ಒಂದೂ ಮೋಡವಿಲ್ಲ. ಬಹಳ ಎತ್ತರದಲ್ಲಿ ಕಡಲ ಹದ್ದೊಂದು ರೆಕ್ಕೆ ಆಡಿಸದೆ ತೇಲುತ್ತಿತ್ತು.

ಮಧ್ಯಾಹ್ನ ಗುಡಿಸಲಿನ ಒಲೆಯ ಮೇಲೆ ಮಿಸೋ, ಉದ್ದ ಈರುಳ್ಳಿ, ತೆಳ್ಳಗೆ ಹೆಚ್ಚಿದ ಜಿಂಕೆ ಮಾಂಸ ಕುದಿಯುತ್ತಿತ್ತು. ಒಂದು ತುಂಡೂ ಕೆಟ್ಟಿರಲಿಲ್ಲ, ಓಡಿ ಬಳಲಿದ ಪ್ರಾಣಿಯ ಹುಳಿ ವಾಸನೆಯೂ ಇರಲಿಲ್ಲ. ಐವರೂ ಕಂಬದ ಸುತ್ತ ನಿಂತರು. ಕಂಬದಲ್ಲಿ ಅಲ್ಲಿಯವರೆಗೆ ಇದ್ದದ್ದು ಎರಡೇ ಸೊನ್ನೆಗಳು, ಎರಡೂ ತೊಕುಜಿಯವು. ಗಟ್ಟಿ ಮರದಲ್ಲಿ ನೇರ ಚಾಕು ತಿರುಗದೆ ಎರಡೂ ಸೊಟ್ಟಗಾಗಿದ್ದವು.

"ಆ ದೊಡ್ಡ ಅಂಕಿ ಕೆರೆದು ತೆಗೆದುಬಿಡೋಣ" ಅಂದ ಒನೊದೆರಾ. "ಈಗ ಯಾಕದು?"

"ಬೇಡ ಅಣ್ಣ. ನನ್ನ ಕಾಲು ಅಷ್ಟು ನಡೆದದ್ದು ಸುಳ್ಳಾಗುತ್ತಾ? ಇರಲಿ."

ತೊಕುಜಿ ತನ್ನ ಚಾಕು ಮುಂದೆ ಚಾಚಿದ. ಚಿಹಾರು ತಲೆಯಾಡಿಸಿ, ತನ್ನ ಕಸುಬಿನ ಚೀಲಕ್ಕೆ ಕೈ ಹಾಕಿ ಗೊರಸಿನ ಬಾಗು ಚೂರಿ ತೆಗೆದಳು. ತುದಿಯನ್ನು ಆ ದೊಡ್ಡ ಅಂಕಿಯ ಕೆಳಗೆ ಊರಿ, ಮಣಿಕಟ್ಟು ತಿರುಗಿಸಿದಳು. ಗೊರಸಿನ ಎಳೆ ಸವರಿದಂತೆ ಮರದ ಎಳೆ ಸುರುಳಿಯಾಗಿ ಎದ್ದು ಬಂತು, ಮುರಿಯದೆ, ಒಂದೇ ಸುತ್ತಿಗೆ. ಉಫ್ ಅಂತ ಊದಿದಳು.

ಕಂಬದ ಮೇಲೆ ಸೊನ್ನೆ ಕೂತಿತ್ತು, ನಾಣ್ಯದ ಹಾಗೆ ದುಂಡಗೆ.

ತೊಕುಜಿ ಅದನ್ನು ನೋಡಿದ. ತನ್ನ ಎರಡು ಸೊಟ್ಟ ಸೊನ್ನೆಗಳನ್ನು ನೋಡಿದ. ಗಂಟಲು ಸರಿಮಾಡಿಕೊಂಡು ಫೋನ್ ತೆಗೆದು ಗುಂಡಿ ಒತ್ತಿದ.

"ಫುಸಾ, ನಾನು ತೊಕುಜಿ. ಇಲ್ಲ, ಇವತ್ತು ಇಡಲ್ಲ, ನೀನು ಹೇಳೋದು ಪೂರ್ತಿ ಕೇಳ್ತೀನಿ. ಬುಧವಾರ ಐದೂ ರೈಫಲ್ ತರ್ತೀವಿ. ಒಂದೊಂದನ್ನೂ ಅಳೆದು ನೋಡು. ಯಾರ ನಳಿಗೆಗೆ ಯಾವುದು ಬೇಕೋ ಅವರಿಗೆ ಅದನ್ನೇ ಕೊಡು. ಏನು? ನಂದಾ? ನಂದು ಸರಿಯಾಗೇ ಇದೆ." ಚಿಹಾರುವಿನತ್ತ ಓರೆಗಣ್ಣಲ್ಲಿ ನೋಡಿದ. "ಆಯ್ತು, ನಂದೂ ಅಳೆದು ನೋಡು."

ಆಚೆಯಿಂದ ಫುಸಾ ಅಮ್ಮ ಮಾತು ಶುರುಮಾಡಿದಳು. ಇಷ್ಟು ವರ್ಷ ಒಳಗೇ ಉಳಿದಿದ್ದ ಮಾತೆಲ್ಲ ಒಟ್ಟಿಗೇ ಬಂದಿರಬೇಕು. ತೊಕುಜಿ ಕಂಬಕ್ಕೆ ಒರಗಿ ಹೂಂ ಹೂಂ ಅನ್ನುತ್ತಲೇ ನಿಂತ. ಅವನ ಬಟ್ಟಲಿನ ಸಾರು ಆರುತ್ತಿತ್ತು. ಒನೊದೆರಾ ಅದನ್ನೂ ಎಳೆದುಕೊಂಡ.